ಪರಸ್ಥಾನಕ್ಕೆ ಹೋದ ಫೋನು

ಭೀಮಾ ನದಿಗೆ ನೀರು ಬಂದರೆ ನಮ್ಮ ಅಗರಖೇಡದವರಿಗೆ ಯಾರೂ ಡಂಗುರ ಹೊಡೆದು ಹೇಳಬೇಕಾಗಿಲ್ಲ. ಹೊಲದ ದಾರಿ ಮುಚ್ಚುತ್ತದೆ, ಬಸ್ಸು ನಿಲ್ಲುತ್ತದೆ, ಕಬ್ಬಿನೊಳಗಿನ ಹಾವುಗಳು ಓಣಿಗೆ ಬರುತ್ತವೆ. ಇದೆಲ್ಲ ನಮಗೆ ರೂಢಿ. ಆದರೆ ಆ ನೀರು ರೈಲಿನ ಹಳಿಯನ್ನೂ ಮುಟ್ಟುತ್ತದೆ, ಮುಂಬೈಗೆ ಹೊರಟವರನ್ನೂ ನಿಲ್ಲಿಸಿಬಿಡುತ್ತದೆ ಅನ್ನುವುದು ಮಾತ್ರ ನಮ್ಮ ತಲೆಗೆ ಹೊಳೆಯುವುದಿಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಒಂದು ಮನೆಯವರಿಗೆ ಏನಾಯಿತು ಅಂತ ಹೇಳುತ್ತೇನೆ, ಸ್ವಲ್ಪ ಕೂತು ಕೇಳಿ.

ನಾನು ವಿದ್ಯಾವತಿ, ಅಂಗನವಾಡಿ ಅಕ್ಕೋರು. ನನ್ನ ಬಾಯಿ ಜೋರು ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಇಪ್ಪತ್ತೆರಡು ಮಕ್ಕಳನ್ನು ದಿನವಿಡೀ ಸಂಭಾಳಿಸಿ ನೋಡಲಿ, ಅವರ ಬಾಯಿಯೂ ಜೋರಾಗುತ್ತದೆ. ಆ ಮಕ್ಕಳಲ್ಲಿ ಐಶ್ವರ್ಯ ಒಬ್ಬಳು. ಮೂರು ವರ್ಷದ ಕೂಸು, ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವಳಪ್ಪ ಮಾಳಿಂಗ ಕುರಿ ಕಾಯುತ್ತಾನೆ. ತಾಯಿ ಎರಡನೆಯ ಹೆರಿಗೆಗೆಂದು ಸಿಂದಗಿಯ ತವರಿಗೆ ಹೋಗಿದ್ದಳು. ಮನೆಯಲ್ಲಿ ಅಜ್ಜಿ ರೇವವ್ವನದೇ ಕಾರಭಾರ.

ಮುಂಬೈಯ ಒಂದು ಧರ್ಮಾಸ್ಪತ್ರೆಯವರು ಐಶ್ವರ್ಯಳ ಕಿವಿಗೆ ಆಪರೇಷನ್ ಮಾಡಿ ಯಂತ್ರ ಕೂಡಿಸುತ್ತೇವೆ ಅಂದಿದ್ದರು. ಎಂಟು ತಿಂಗಳು ಕಾದ ಮೇಲೆ ತಾರೀಖು ಸಿಕ್ಕಿತ್ತು. ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಭರ್ತಿಯಾಗಬೇಕು. ಹೇಳದೆ ಕೇಳದೆ ತಪ್ಪಿಸಿದರೆ ಆ ಜಾಗ ಬೇರೆ ಮಗುವಿಗೆ ಹೋಗುತ್ತದೆ, ಇವಳು ಮತ್ತೆ ಸಾಲಿನ ಕೊನೆಗೆ. ಆಸ್ಪತ್ರೆಯ ಪತ್ರದಲ್ಲಿದ್ದ ಈ ಮಾತನ್ನು ನಾನೇ ಮಾಳಿಂಗನಿಗೆ ಮೂರು ಸಲ ಓದಿ ಹೇಳಿದ್ದೆ.

ಬುಧವಾರ ಸಂಜೆಯ ರೈಲುಗಾಡಿಗೆ ತಾಲೂಕು ಊರು ಇಂಡಿಯ ನೆಟ್ ಅಂಗಡಿಯಲ್ಲಿ ಟಿಕೆಟ್ ತೆಗೆಸಿದೆವು. ಅಂಗಡಿಯವನು ರೂಢಿಯಂತೆ ತನ್ನದೇ ನಂಬರ್ ಹಾಕಲು ಹೋದ.

"ಬ್ಯಾಡ್ರಿ, ಹೋಗಾಂವನ ನಂಬರ ಹಾಕ್ರಿ" ಅಂದೆ.

ಗಾಡಿ ರದ್ದಾದರೆ, ಹೊತ್ತು ಬದಲಾದರೆ ಮೆಸೇಜು ಆ ನಂಬರಿಗೇ ಬರುತ್ತದೆ. ಮಾಳಿಂಗನ ನಂಬರ್ ಹಾಕಿಸಿ, ನನ್ನ ಕೆಲಸ ಮುಗಿಯಿತು ಅಂತ ಬೀಗುತ್ತ ಮನೆಗೆ ಬಂದೆ. ರೇವವ್ವನನ್ನು ಮರೆತುಬಿಟ್ಟಿದ್ದೆ.

ಬುಧವಾರ ಉತ್ತರ ದಿಕ್ಕಿಗೆ ಹೊರಡಬಾರದು ಅನ್ನುವುದು ರೇವವ್ವನ ಲೆಕ್ಕ. ಗಾಡಿ ಅವಳ ಲೆಕ್ಕ ಕೇಳಿ ಹೊರಡುತ್ತದೆಯೇ? ಅದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ, ಪರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ ಪ್ರಯಾಣದ ಸಾಮಾನಿನ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊರಟರೆ ಮನುಷ್ಯರೂ ಹೊರಟ ಹಾಗೆ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಆದರೆ ಆ ಗಂಟನ್ನು ಊರ ಸೀಮೆ ದಾಟುವವರೆಗೆ ಬಿಚ್ಚುವಂತಿಲ್ಲ.

ಸೋಮವಾರ ಮುಂಜಾನೆ ರೇವವ್ವ ಗಂಟು ಕಟ್ಟಲು ಕೂತಳು. ಕೂಸಿನ ಎರಡು ಅಂಗಿ, ಒಂದು ಹಿಡಿ ಅಕ್ಕಿ, ಅಡಿಕೆ, ಆಸ್ಪತ್ರೆಯ ಪತ್ರ.

"ಟಿಕೀಟು ಎಲ್ಲೈತೊ ಮಾಳಿಂಗ? ಅದನ್ನ ಮೊದಲ ಇಡಬೇಕು."

"ಟಿಕೀಟು ಫೋನಿನ್ಯಾಗ ಐತಿ ಬೇ."

"ಹಂಗಾರ ಫೋನ ಇಡು."

"ಎರಡು ದಿನ ಫೋನಿಲ್ದ ಹೆಂಗ ಬೇ?"

"ಕುರಿ ಏನು ನಿನಗ ಫೋನ್ ಮಾಡಿ ಕರಿತಾವೇನು? ಕೂಸಿನ ಕಿವಿಗಿಂತ ನಿನಗ ಫೋನ ಹೆಚ್ಚಾತೇನು?"

ಚಾರ್ಜು ಮುಗಿಯಬಾರದೆಂದು ಮಾಳಿಂಗ ಫೋನು ಬಂದ್ ಮಾಡಿ ಕೊಟ್ಟ. ಗಂಟು ಪಕ್ಕದ ಬಾನುಬಿಯ ಮನೆಗೆ ಹೋಯಿತು. ಬಾನುಬಿ ಅದನ್ನು ಜೋಪಾನವಾಗಿ ಕಪಾಟಿನ ಮೇಲಿಟ್ಟಳು.

ಮಂಗಳವಾರ ನದಿ ಉಕ್ಕಿತು. ಊರಲ್ಲಿ ಕರೆಂಟು ಹೋಯಿತು. ಟಿವಿ ಇಲ್ಲ, ಸುದ್ದಿ ಇಲ್ಲ. ನಾನಾದರೂ ಮಾಳಿಂಗನನ್ನು ಕೇಳಬೇಕಿತ್ತು, ಮೆಸೇಜು ಏನಾದರೂ ಬಂತೇನು ಅಂತ. ಅಂಗನವಾಡಿಯೊಳಗೆ ಬಂದ ನೀರು ಹೊರಹಾಕುವ ಗಡಿಬಿಡಿಯಲ್ಲಿ ಕೇಳಲಿಲ್ಲ. ಆ ತಪ್ಪು ನನ್ನದೂ ಹೌದು.

ಬುಧವಾರ ಮಧ್ಯಾಹ್ನ ಗಂಟು ತೆಗೆದುಕೊಂಡು, ಟಂಟಂ ಆಟೋ ಮಾಡಿಕೊಂಡು ನಾವು ನಾಲ್ವರು ಸ್ಟೇಷನ್ನಿಗೆ ಹೊರಟೆವು. ಅವರನ್ನು ಗಾಡಿಯ ಡಬ್ಬಿಯಲ್ಲಿ ಕೂರಿಸಿ ಬರೋಣ ಅಂತ ನಾನೂ ಜೊತೆಗೆ ಹೋಗಿದ್ದೆ. ಫ್ಲಾಟ್‌ಫಾರ್ಮಿನಲ್ಲಿ ಜನವೋ ಜನ. ಕೆಲವರು ಮುಂಜಾನೆಯಿಂದ ಕೂತಿದ್ದರು. ಗಾಡಿ ಇಲ್ಲ ಅಂತ ಒಬ್ಬ, ತಡವಾಗಿ ಬರುತ್ತದೆ ಅಂತ ಇನ್ನೊಬ್ಬ.

"ಫೋನ್ ತಗಿ, ನೋಡೂಣು" ಅಂದೆ ಮಾಳಿಂಗನಿಗೆ.

ಆಗಲೇ ರೇವವ್ವ ಗಂಟು ಬಿಚ್ಚಿದ್ದು. ಫೋನು ಅದರೊಳಗಿಂದ ಬಂದಾಗಲೇ ಈ ಗಂಟಿನ ಕಥೆ ನನಗೆ ಗೊತ್ತಾಗಿದ್ದು. ಚಾಲೂ ಮಾಡಿದ ಕೂಡಲೇ ಮೆಸೇಜುಗಳು ಒಂದರ ಹಿಂದೆ ಒಂದು ಬಂದವು. ಹಳಿಗೆ ಹಾನಿಯಾಗಿದೆ, ಗಾಡಿ ರದ್ದಾಗಿದೆ ಅಂತ ಮಂಗಳವಾರ ಮುಂಜಾನೆಯೇ ತಿಳಿಸಿದ್ದರು. ಒಂದೂವರೆ ದಿನ ನಮ್ಮ ಕೈಯಲ್ಲಿತ್ತು. ಆ ಸುದ್ದಿ ಅಷ್ಟೂ ಹೊತ್ತು ಬಾನುಬಿಯ ಕಪಾಟಿನ ಮೇಲೆ ಕೂತಿತ್ತು.

ನನಗೆ ಸಿಟ್ಟು ಬಂತು. ಆದರೆ ರೇವವ್ವನ ಮುಖ ನೋಡಿ ಬೈಯಲು ಮನಸ್ಸು ಬರಲಿಲ್ಲ. ಮುದುಕಿ ಬಿಚ್ಚಿದ ಗಂಟನ್ನು ಮತ್ತೆ ಮತ್ತೆ ಕಟ್ಟುತ್ತಿದ್ದಳು. "ಕೂಸಿಗೆ ಚಲೋ ಆಗ್ಲಿ ಅಂತ ಮಾಡಿದ್ನೆವ್ವಾ" ಅಂದಳು. ಅದು ನನಗೂ ಗೊತ್ತಿತ್ತು.

ಮಾಳಿಂಗ ಮಾತ್ರ ಒಮ್ಮೆಗೇ ಎದ್ದ. ಐಶ್ವರ್ಯಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

"ಎಲ್ಲಿಗೊ?" ಅಂದೆ.

"ನೀರು ಇಳಿಯಾಕತ್ತೈತಿ. ಗಾಡಿ ಬಿಡಾಕ ಇವರಿಗೇನು ಧಾಡಿ? ಟಂಟಂ ಮಾಡ್ಕೊಂಡು ಬ್ರಿಜ್ ತನಕ ಹೋಗತೇನ್ರಿ. ಹಳಿ ಹಿಡದು ನಡದು ಆಚಿ ದಂಡಿ ಮುಟ್ಟಿದ್ರ ಸೊಲ್ಲಾಪುರಕ್ಕ ಏನರ ಸಿಗತೈತಿ. ಎಂಟು ತಿಂಗಳು ಕಾದೇನ್ರಿ ಅಕ್ಕೋರ. ಇನ್ನ ಕಾಯಾಕ ನನ್ನ ಕೈಲಾಗುದಿಲ್ಲ."

ಅಲ್ಲಿದ್ದ ಇಬ್ಬರು, ನಾವೂ ಬರುತ್ತೇವೆ ನಡೆ ಅಂತ ಅವನಿಗೆ ಹುರುಪು ಕೊಟ್ಟರು. ನಾನು ಕೂಗಾಡಿದರೂ ಅವನು ಕೇಳುವಂತಿರಲಿಲ್ಲ. ಅಷ್ಟರಲ್ಲಿ ಮೊಳಕಾಲತನಕ ಕೆಸರು ಮೆತ್ತಿದ ಒಬ್ಬ ಬಂದು ಅವನ ಎದುರು ನಿಂತ. ಬಾನುಬಿಯ ಮಗ ತಬ್ರೇಜ. ರೈಲ್ವೆಯಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್. ಸೋಮವಾರದಿಂದ ಮನೆಗೇ ಹೋಗಿರಲಿಲ್ಲ, ನದಿಯ ಹತ್ತಿರದ ಹಳಿಯ ಕೆಲಸದಲ್ಲೇ ಇದ್ದ.

"ಮಾಳಿಂಗಣ್ಣ, ಎಲ್ಲಿ ಹೊಂಟಿ?"

"ಬ್ರಿಜ್ ದಾಟತೇನಿ. ಹಳಿ ಹಂಗ ಅದಾವಂತಲ್ಲ."

"ಅದಾವ. ಮ್ಯಾಲ ನೋಡಿದ್ರ ನೆಟ್ಟಗ ಕಾಣತಾವ. ಹಳಿ ಕೆಳಗ ಖಡಿ ಕಲ್ಲು ಇರತೈತಿ, ಖಡಿ ಕೆಳಗ ಮಣ್ಣು. ಬ್ರಿಜ್ ಈಚಿ ಬಾಜೂಕ ಆ ಮಣ್ಣೂ ಇಲ್ಲ, ಖಡಿನೂ ಇಲ್ಲ. ಬರೇ ಹಳಿ ಜೋತಬಿದ್ದಾವ. ಗಾಡಿ ಯಾಕ ಬಿಡವಲ್ರು ಅಂತಿಯಲ್ಲ, ಅದಕ್ಕ. ಸಾವಿರ ಮಂದಿ ಕೂತಿರತಾರ ಒಂದು ಗಾಡಿಯಾಗ."

"ನಾ ಹಗೂರಕ ಹೋಗತೇನಿ. ನಾ ಏನು ಗಾಡಿನ?"

"ಕೇಳು. ಖಡಿ ತುಂಬಿದ ಗಾಡಿ ಆಚಿ ಕಡಿಯಿಂದ ಬಂದು ಹೋಗಿ ಮಾಡಾಕತ್ತೈತಿ. ಬ್ರಿಜ್ ಮ್ಯಾಲ ಬಾಜೂಕ ಸರಿಯಾಕ ಜಾಗಾ ಇಲ್ಲ. ಸೀಟಿ ಕೇಳಿ ನೀ ಓಡತಿ. ಈ ಕೂಸು ನಿನ್ನ ಕೈ ಬಿಡಿಸ್ಕೊಂಡು ಒಂದು ಹೆಜ್ಜಿ ಅತ್ಲಾಗ ಹೋತಂದ್ರ, ಕರದು ನಿಲ್ಲಸ್ತಿಯೇನು?"

ಮಾಳಿಂಗ ಮಗಳನ್ನು ಕೆಳಗಿಳಿಸಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತ. ಐಶ್ವರ್ಯ ಅವನ ಟೋಪಿ ತೆಗೆದು ತನ್ನ ತಲೆಗೆ ಹಾಕಿಕೊಂಡು ನಕ್ಕಳು. ಹುರುಪು ಕೊಟ್ಟಿದ್ದ ಇಬ್ಬರೂ ಬೆಂಚಿನ ಮೇಲೆ ಹೋಗಿ ಕೂತರು.

"ಅಳೂದು ಆಮ್ಯಾಲ. ಮೊದಲ ಆಸ್ಪತ್ರಿಗೆ ಫೋನ್ ಹಚ್ಚು" ಅಂದ ತಬ್ರೇಜ. "ಗಾಡಿ ನಿಂತದ್ದು ನಿನಗ ಗೊತ್ತೈತಿ. ಅಲ್ಲಿ ಕಾಯಾಕತ್ತವರಿಗೆ ಗೊತ್ತೈತೇನು?"

ಈ ಮಾತು ನನಗೂ ಹೊಳೆದಿರಲಿಲ್ಲ ನೋಡಿ. ಪತ್ರದಲ್ಲಿದ್ದ ನಂಬರಿಗೆ ಹಚ್ಚಿದೆವು. ಶಮಾ ಅನ್ನುವ ಹೆಣ್ಣುಮಗಳು ಎತ್ತಿದಳು. ಮಾಳಿಂಗನಿಗೆ ಅರ್ಧ ಮರಾಠಿ ಬರುತ್ತದೆ, ನನಗೆ ಅರ್ಧ ಹಿಂದಿ. ಎರಡೂ ಕೂಡಿಸಿ ಹೇಳಿದೆವು. ನಿನ್ನೆ ನಾನೇ ಎರಡು ಸಲ ಫೋನ್ ಮಾಡಿದ್ದೆ, ಬಂದ್ ಇತ್ತು ಅಂದಳು ಆಕೆ. ಗಾಡಿ ರದ್ದಾದ ಮೆಸೇಜಿನ ಫೋಟೋ ಕಳಿಸಿ ಅಂದಳು. ಕಳಿಸಿದೆವು. ಅರ್ಧ ತಾಸು ಕಾದೆವು. ಆ ಅರ್ಧ ತಾಸಿನಲ್ಲಿ ರೇವವ್ವ ಎಷ್ಟು ದೇವರನ್ನು ಕರೆದಳೋ ಲೆಕ್ಕವಿಲ್ಲ.

ಫೋನು ಬಂತು. ಮುಂದಿನ ಬುಧವಾರಕ್ಕೆ ಭರ್ತಿ ಮಾಡಿಕೊಳ್ಳುತ್ತೇವೆ, ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು, ಶುಕ್ರವಾರ ದಾಟಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಅಂದಳು ಶಮಾ. ಮಾಳಿಂಗ ಫೋನಿಗೇ ಕೈ ಮುಗಿದ.

ಇನ್ನೇನು ಊರಿಗೆ ಹೊರಡೋಣ ಅಂದರೆ ರೇವವ್ವ ಕೂತಲ್ಲಿಂದ ಏಳಲೊಲ್ಲಳು.

"ಹೊಂಟ ಮ್ಯಾಲ ಹೊಳ್ಳಿ ಮನಿಗೆ ಹೋಗಬಾರದು. ಇಲ್ಲೇ ಇರತೇನಿ."

"ಐದಾರು ದಿನ ಫ್ಲಾಟ್‌ಫಾರ್ಮಿನ್ಯಾಗ? ಕೂಸು ಕಟಗೊಂಡು?" ಅಂದೆ. ಜ್ವರ ಬಂದರೆ ಆಪರೇಷನ್ನೇ ಮುಂದೆ ಹೋಗುತ್ತದೆ ಅಂತ ಕಾಗದದಲ್ಲಿ ಬರೆದಿತ್ತು, ಅದನ್ನೂ ಓದಿ ಹೇಳಿದೆ. ಊಹೂಂ.

ತಬ್ರೇಜ ನಕ್ಕ. "ದೊಡ್ಡವ್ವ, ಪರಸ್ಥಾನ ಎಲ್ಲಿ ಇಟ್ಟಿದ್ದಿ?"

"ನಿಮ್ಮ ಮನ್ಯಾಗ."

"ಹಂಗಾರ ನಮ್ಮ ಮನಿಗೆ ನಡಿ. ನಿಮ್ಮ ಮನಿ ಹೊಸ್ತಿಲಾ ತುಳಿಬ್ಯಾಡ. ಅವ್ವ ರೊಟ್ಟಿ ಬಡದು ಹಾಕತಾಳ, ಹೊಸ ದಿನಕ್ಕ ಅಲ್ಲಿಂದನ ಹೊಂಡು."

ರೇವವ್ವ ಯೋಚಿಸಿ, ಇದು ನಡೆಯುತ್ತದೆ ಅಂದಳು. ತನ್ನ ಮನೆಯ ಗೋಡೆಗೆ ಗೋಡೆ ಹತ್ತಿದ ಬಾನುಬಿಯ ಮನೆಯಲ್ಲಿ ಐದು ದಿನ ಬಿಡಾರ ಮಾಡಿದಳು. ಗಂಟು ಕಪಾಟಿನ ಮೇಲಿತ್ತು, ಫೋನು ಮಾತ್ರ ಮಾಳಿಂಗನ ಕಿಸೆಯಲ್ಲಿತ್ತು. ದಿನಕ್ಕೆ ಎರಡು ಸಲ ರೈಲ್ವೆಯ 139 ನಂಬರಿಗೆ ಹಚ್ಚಿ ಗಾಡಿಯ ಸುದ್ದಿ ಕೇಳುತ್ತಿದ್ದೆವು. ನಡುವೆ ಒಬ್ಬ ಫೋನ್ ಮಾಡಿ, ನಿಮ್ಮ ಟಿಕೆಟ್ಟಿನ ರೊಕ್ಕ ವಾಪಸು ಕೊಡುತ್ತೇವೆ, ಓಟಿಪಿ ಹೇಳಿ ಅಂದ. ಫೋನ್ ಇಸಿದುಕೊಂಡ ರೇವವ್ವ, "ನಿಮ್ಮ ಮನ್ಯಾಗ ಅಕ್ಕ ತಂಗಿ ಇಲ್ಲೇನೊ" ಅಂತ ಶುರು ಮಾಡಿದ್ದು, ಅವನು ಫೋನಿಟ್ಟ ಮೇಲೂ ನಿಲ್ಲಿಸಲಿಲ್ಲ. ಟಿಕೆಟ್ಟಿನ ಹಣ ತಾನಾಗಿಯೇ ನೆಟ್ ಅಂಗಡಿಯವನ ಖಾತೆಗೆ ಬಂತು, ಅವನಿಂದ ಇಸಿದುಕೊಂಡೆವು.

ಸೋಮವಾರ ಹಳಿ ಸರಿಯಾಗಿ ಗಾಡಿ ಬಿಟ್ಟರು. ಹೊಸ ಟಿಕೆಟ್ಟಿನಲ್ಲಿ ಮೂವರೂ ಹೋದರು. ಆಪರೇಷನ್ ಆಯಿತು. ಗಾಯ ಮಾಯ್ದು, ಯಂತ್ರ ಚಾಲೂ ಮಾಡಿದ್ದು ಒಂದು ತಿಂಗಳ ಮೇಲೆ. ಆ ದಿನ ಮಾಳಿಂಗ ಆಸ್ಪತ್ರೆಯಿಂದಲೇ ನನಗೆ ಫೋನ್ ಮಾಡಿದ.

"ಅಕ್ಕೋರ, ಅತ್ತಳ್ರಿ. ನಮ್ಮವ್ವ ಐಶೂ ಅಂದ್ಲು. ಕೂಸು ಹೊಳ್ಳಿ ನೋಡಿ, ಹೆದರಿ, ಜೋರಾಗಿ ಅತ್ತಳು. ತನ್ನ ಅಳೂ ದನಿ ತಾನ ಕೇಳಿ ಮತ್ತ ಹೆದರಿದ್ಲು."

ಹಿಂದೆ ಕೂಸಿನ ಅಳು ಕೇಳುತ್ತಿತ್ತು. ಮಾಳಿಂಗ ಅವಳನ್ನು ರಮಿಸಿದ. ಆಮೇಲೆ ಹೇಳಿದ. "ಅವತ್ತ ತಬ್ರೇಜ ಅಡ್ಡ ಬರದಿದ್ರ, ಇವತ್ತ ಕರಿಯಾಕ ಯಾರಿರತಿದ್ರು, ಕೇಳಾಕ ಯಾರಿರತಿದ್ರು ಅಂತ ನೆನಸ್ಕೊಂಡ್ರ ನಿದ್ದಿ ಹತ್ತೂದಿಲ್ರಿ."

ಅಕ್ಕಂದಿರೇ, ಅಣ್ಣಂದಿರೇ, ಇಂಡಿಯವರಿರಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿರಲಿ, ಮಳೆಗಾಲದಲ್ಲಿ ದೂರದ ಗಾಡಿಗೆ ಹೊರಟಿದ್ದರೆ ನನ್ನ ಮಾತು ಕೇಳಿ. ಟಿಕೆಟ್ಟಿಗೆ ನಿಮ್ಮದೇ ನಂಬರ್ ಹಾಕಿಸಿ, ಆ ಫೋನು ಚಾಲೂ ಇರಲಿ. ಮನೆ ಬಿಡುವ ಮುಂಚೆ 139ಕ್ಕೆ ಫೋನ್ ಮಾಡಿ ಕೇಳಿ. ಗಾಡಿ ರದ್ದಾದರೆ ಫೋನಿನ ಟಿಕೆಟ್ಟಿನ ಹಣ, ಕಟ್ಟಿದವರ ಖಾತೆಗೆ ತಾನೇ ಬರುತ್ತದೆ. ಕೌಂಟರಿನಲ್ಲಿ ತೆಗೆದ ಟಿಕೆಟ್ ಆದರೆ ಎಸೆಯಬೇಡಿ, ಗಾಡಿ ಹೊರಡಬೇಕಿದ್ದ ಹೊತ್ತಿನಿಂದ ಮೂರು ದಿನದೊಳಗೆ ಕೌಂಟರಿಗೆ ಒಯ್ದು ಕೊಡಿ. ಓಟಿಪಿ ಯಾರು ಕೇಳಿದರೂ ಹೇಳಬೇಡಿ. ಆಸ್ಪತ್ರೆಯೋ ಪರೀಕ್ಷೆಯೋ ನೌಕರಿಯೋ, ಅಲ್ಲಿ ಕಾಯುವವರಿಗೆ ಮೊದಲು ತಿಳಿಸಿ. ಪರಸ್ಥಾನ ಬೇಕಾದರೆ ಇಡಿ, ನಾನು ಬೇಡ ಅನ್ನುವುದಿಲ್ಲ. ಹಳಿಯ ಮೇಲೆ ಮಾತ್ರ ಕಾಲಿಡಬೇಡಿ. ಹಳಿ ಸರಿಹೋಗುತ್ತದೆ, ಗಾಡಿ ಮತ್ತೆ ಬರುತ್ತದೆ. ಹತ್ತುವುದಕ್ಕೆ ನೀವಿರಬೇಕು, ನಿಮ್ಮ ಮಕ್ಕಳಿರಬೇಕು.