ಪ್ರೇಕ್ಷಕ ನೋಡದ ಅರ್ಧ

ಹುಲ್ಲಹಳ್ಳಿಯ ನಟರಾಜ್ ಮೇಷ್ಟ್ರಿಗೆ ಮೈಸೂರಿನ ಪತ್ರಿಕೆಯೊಂದಕ್ಕೆ ವಿಮರ್ಶೆ ಬರೆಯುವ ಚಟ. ‘ಪ್ರೇಕ್ಷಕ’ ಎಂಬ ಹೆಸರಿನ ಹಿಂದೆ ಅಡಗಿ ಬರೆಯುತ್ತಿದ್ದುದರಿಂದ ಬೈಸಿಕೊಳ್ಳುವ ಭಯವೂ ಇರಲಿಲ್ಲ.

೨೦೦೪ರಲ್ಲಿ ಸೋಸಲೆಯ ಸಿದ್ದಯ್ಯನವರ ಮೇಲೊಂದು ಸಾಕ್ಷ್ಯಚಿತ್ರ ಬಂತು. ಹದಿನೈದು ವರ್ಷ ಟೀವಿಗೆ ಹಳ್ಳಿ ಮಾತಿನ ಹಾಸ್ಯ ಧಾರಾವಾಹಿ ತಯಾರಿಸಿ ಮನೆಮನೆಯನ್ನೂ ನಗಿಸಿದ ಹಿರಿಯರು ಅವರು. ಮೊದಲ ಪ್ರದರ್ಶನ ತಿ. ನರಸೀಪುರದಲ್ಲಿ. ಚಿತ್ರ ತಡವಾಗಿ ಶುರುವಾಯಿತು. ಮಧ್ಯಂತರಕ್ಕೆ ಏಳು ಗಂಟೆ ಹೊಡೆದಿತ್ತು. ನಂಜನಗೂಡಿನ ಬಸ್ಸು ತಪ್ಪಿದರೆ ಅಲ್ಲಿಂದ ಹುಲ್ಲಹಳ್ಳಿಯ ಕೊನೆ ಬಸ್ಸೂ ತಪ್ಪಿದಂತೆಯೇ. ಮೇಷ್ಟ್ರು ಎದ್ದು ಓಡಿದರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

“ಹಳ್ಳಿಯವರ ಮಾತು ಮಾರಿ ದೊಡ್ಡವರಾದ ಸಿದ್ದಯ್ಯ, ಇಡೀ ಚಿತ್ರದಲ್ಲಿ ಅವರಲ್ಲೊಬ್ಬರ ಹೆಸರನ್ನೂ ಎತ್ತುವುದಿಲ್ಲ” ಎಂದು ಬರೆದರು. ಮಿಕ್ಕ ಪತ್ರಿಕೆಗಳೂ ಗುಂಪಿನಲ್ಲಿ ಗೋವಿಂದ ಎಂದವು. ಸಿದ್ದಯ್ಯ ಓಡಾಡಿಕೊಂಡಿದ್ದ ಬಿಳಿಗೆರೆಯಲ್ಲಿ ಆಗಬೇಕಿದ್ದ ಪ್ರದರ್ಶನವನ್ನು ಊರವರೇ ಬೇಡವೆಂದರು.

ತಿಂಗಳಾದ ಮೇಲೆ ಜೊತೆಯ ಟೀಚರ್ ಸುನೀತಾ ಆ ಚಿತ್ರದ ಸಿ.ಡಿ. ತಂದು ಕೊಟ್ಟರು. “ಕೊನೇಲಿ ಅಳು ಬಂತು ಸಾ” ಎಂದರು. ಮೇಷ್ಟ್ರು ಮನೆಯಲ್ಲಿ ಕೂತು ಉಳಿದರ್ಧ ನೋಡಿದರು. ಬಿಳಿಗೆರೆಯ ಮಾದಮ್ಮನೆಂಬ ಕೂಲಿ ಹೆಂಗಸಿನ ಮನೆಮುಂದೆ ಸಿದ್ದಯ್ಯ ನೆಲದ ಮೇಲೆ ಕೂತಿದ್ದರು. “ಜನ ನಕ್ಕಿದ್ದೆಲ್ಲ ಈ ಮಾದಮ್ಮನ ಮಾತ್ಗೆ. ನಾಟಿ ಮಾಡ್ತಾ ಯೋಳೋಳು, ನಾನು ಬರ್ಕೊಂಡೋಗೋನು” ಎಂದು ಅವಳ ಕಾಲು ಮುಟ್ಟಿದರು. ತಾನೆಂಥ ಪಾಪ ಮಾಡಿದೆ ಎಂದು ಮೇಷ್ಟ್ರಿಗೆ ಎರಡು ದಿನ ಅನ್ನ ಸೇರಲಿಲ್ಲ.

ಸೋಸಲೆಗೆ ಹೋಗುವ ಧೈರ್ಯ ಬರಲಿಲ್ಲ. ಭಾನುವಾರ ಸಿ.ಡಿ. ಹಿಡಿದು ಬಿಳಿಗೆರೆಗೆ ಹೋಗಿ, ತಾನು ಹುಲ್ಲಹಳ್ಳಿ ಶಾಲೆಯ ಮೇಷ್ಟ್ರು, ಸಿದ್ದಯ್ಯನವರ ಚಿತ್ರ ತಂದಿದ್ದೇನೆ ಎಂದರು.

“ಅದ್ಯಾಕೆ ತಂದ್ರಿ ಮೇಷ್ಟ್ರೇ?” ಎಂದಳು ಮಾದಮ್ಮ. “ನಂದು ತಗ್ದಿದ್ದೆಲ್ಲ ಕತ್ತರ್ಸಾಕವ್ರೆ, ಅದ್ರಲ್ಲಿ ನನ್ನ ಎಸ್ರೇ ಇಲ್ವಂತೆ. ಪೇಪರ್ಲೇ ಬಂದಿತ್ತಂತೆ. ಮೊನ್ನೆ ಸಿದ್ದಯ್ಯ ಬಂದಿದ್ರು. ಬಾಗಿಲಲ್ಲೇ ನಿಲ್ಸಿ, ಒಂದು ಲೋಟ ನೀರೂ ಕೊಡ್ದೆ ಕಳಿಸ್ಬುಟ್ಟೆ. ಆವಯ್ಯ ಒಂದು ಮಾತೂ ಆಡ್ನಿಲ್ಲ.”

ಮೇಷ್ಟ್ರು ಅವಳನ್ನು ಕರೆದುಕೊಂಡು ಹೋಗಿ ಪಕ್ಕದ ಮನೆಯಲ್ಲಿ ಸಿ.ಡಿ. ಹಾಕಿಸಿದರು. ತನ್ನ ಕಾಲು ಮುಟ್ಟುತ್ತಿದ್ದ ಸಿದ್ದಯ್ಯನನ್ನು ನೋಡಿ ಮಾದಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

“ಅಯ್ಯೋ ಶಿವನೇ, ನೀರೂ ಕೊಡ್ನಿಲ್ವಲ್ಲ ನಾನು,” ಎಂದಳು. ಆಮೇಲೆ ಕೇಳಿದಳು, “ಅಂಗಾರೆ ಆ ಬರ್ದೋನು ಪಿಚ್ಚರ್ ನೋಡಿರ್ನಿಲ್ವಾ?”

ಸುಮ್ಮನಿದ್ದಿದ್ದರೆ ಅವಳಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಕೈ ಸುಮ್ಮನಿರುತ್ತದೆಯೇ?

“ಅರ್ಧ ನೋಡಿದ್ದೆ ಕಣವ್ವ. ಬಸ್ಸಿಗೆ ಹೊತ್ತಾಗಿತ್ತು” ಎಂದರು.

ಹೊತ್ತು ಇಳಿಯುತ್ತಿತ್ತು. ರಸ್ತೆಯಲ್ಲಿ ಹುಲ್ಲಹಳ್ಳಿ ಬಸ್ಸಿನ ಹಾರ್ನ್ ಕೇಳಿಸಿತು. ಮೇಷ್ಟ್ರು ಅಭ್ಯಾಸಬಲದಿಂದ ಎದ್ದು ನಿಂತರು.

“ಕೂತ್ಕಳಿ,” ಎಂದಳು ಮಾದಮ್ಮ. “ಬಸ್ಸು ಓಗ್ಲಿ. ಉಂಡು ಮಲಗಿ. ಒತ್ತಾರೆಗೆ ಇಬ್ರೂ ಸೋಸಲೆಗೆ ಓಗದು. ಆವಯ್ಯನ ಕಾಲ ನಾನು ಇಡೀಬೇಕು, ನೀವು ಈ ಮಾತ ಅವ್ರ ಎದ್ರುಗೇ ಯೋಳ್ಬೇಕು.”

ಬಸ್ಸು ಹೋಯಿತು. ಮೇಷ್ಟ್ರು ಕೂತರು.