ಎದ್ದು ನಿಂತ ನೀರು

ಇದೂ ಅಲ್ಲ ಎಂದಳು ಬೆನೆದೆತ್ತಾ, ಮೂವತ್ತೆಂಟನೆಯದು ಇದು, ಮೂರು ದಿನದಲ್ಲಿ ಮೂವತ್ತೆಂಟು, ನಲ್ಲಿಯ ಬಾಗಿದ ಮೂಗಿನ ಮೇಲಿರುವ ಆ ಚಿಕ್ಕ ತೂತಿನ ಹತ್ತಿರ ಬಾಯಿ ತಂದು, ಗುಟ್ಟು ಹೇಳುವಂತೆ ಎದ್ದೇಳು ಎಂದು ಪಿಸುಗುಟ್ಟಿ, ಕಾದು, ನೀರು ಎಂದಿನಂತೆ ಕೆಳಗೇ ಸುರಿಯುತ್ತಿರುವುದನ್ನು ನೋಡಿ, ಇದೂ ಅಲ್ಲ — ಅಳಲಿಲ್ಲ, ಸಿಡುಕಲಿಲ್ಲ, ಬೇರೆಯವರ ಮನೆ ಬಾಗಿಲು ತಟ್ಟಿಬಿಟ್ಟವರ ಹಾಗೆ ಹಿಂದೆ ಸರಿದಳು ಅಷ್ಟೇ, ಎಂಟು ವರ್ಷದ ಹುಡುಗಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು, ಅಪ್ಪನಿಂದಂತೂ ಅಲ್ಲ, ಅಗೋ ಅಲ್ಲಿ ನನ್ನ ಗಂಡ ದೊನಾತೊ ಟಿಕೆಟ್ಟಿನ ಸಾಲಿನಿಂದ ಕತ್ತು ಚಾಚಿ ಕೂಗುತ್ತಿದ್ದಾನೆ, ಎರ್ಸಿಲಿಯಾ, ಬಾರೇ ಬೇಗ, ನಮ್ಮ ಸರದಿ ಬಂತು, ಆ ನಲ್ಲಿ ಎಲ್ಲೂ ಓಡಿ ಹೋಗಲ್ಲ. ಓಡಿ ಹೋಗುವುದಿಲ್ಲ, ಅದೇ ಕಷ್ಟ. ರೋಮ್ ತುಂಬ ಇವೆ, ಮೂಲೆಗೊಂದು, ಎದೆಮಟ್ಟದ ಕಬ್ಬಿಣದ ಕಂಬಗಳು, ಯಾವಾಗಲೂ ಸುರಿಯುವ ತಣ್ಣನೆಯ ನೀರು, ದೊಡ್ಡಮೂಗು ಎಂದೇ ನಾವು ಕರೆಯುವುದು, ಮತ್ತು ಇಲ್ಲಿ ಬೆಳೆದ ಪ್ರತಿ ಮಗುವಿಗೂ ಗೊತ್ತು, ಮೂಗಿನ ತುದಿಯನ್ನು ಕೆಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರೆ ಮೇಲಿನ ತೂತಿನಿಂದ ನೀರು ಚಿಮ್ಮಿ ಕಮಾನಾಗಿ ನಿಲ್ಲುತ್ತದೆ, ಸೊಂಟ ಬಗ್ಗಿಸದೆ ಕುಡಿಯಬಹುದು — ಒಂದರಲ್ಲಲ್ಲ, ಎಲ್ಲದರಲ್ಲೂ. ಇದು ಈ ಹುಡುಗಿಗೆ ಗೊತ್ತಿಲ್ಲ, ಬೆಟ್ಟದೂರಿನವನಾದ ಇವಳಪ್ಪನಿಗೂ ಗೊತ್ತಿಲ್ಲ, ನನಗೆ ಗೊತ್ತು, ಹೇಳಲೋ ಬೇಡವೋ ಎಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ.

ಹದಿನಾಲ್ಕು ವರ್ಷ ಇದೇ ಕೊಲೋಸಿಯಮ್ಮಿನ ಪಕ್ಕದಲ್ಲಿ ಟ್ರಾಮ್ ಓಡಿಸಿದವಳು ನಾನು, ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ, ನನಗೆ ಇದು ಗಂಟೆ ಬಾರಿಸಬೇಕಾದ ಜಾಗ, ಫೋಟೋ ತೆಗೆಯುತ್ತ ಹಿಂದೆ ಹಿಂದೆ ಸರಿದು ಹಳಿಯ ಮೇಲೇ ಬಂದು ನಿಲ್ಲುವ ಪೆದ್ದರ ಜಾಗ, ಈಗ ನಾನೇ ಆ ಪೆದ್ದಿ, ದೊನಾತೊನನ್ನು ಕಟ್ಟಿಕೊಂಡು ಅವನ ಬೆಟ್ಟದೂರು ಇಸೆರ್ನಿಯಾ ಸೇರಿ ಎರಡು ವರ್ಷವಾಯಿತು, ತಲೆಗೆ ಬಟ್ಟೆ ಟೋಪಿ, ಬೆನ್ನಿಗೆ ಚೀಲ, ಹುಟ್ಟಿದೂರಿಗೇ ಪ್ರವಾಸ ಬಂದು ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದು ನಿಂತರೆ — ಅಬ್ಬಾ. ಕಮಾನಿನ ಮೇಲೆ ಕಮಾನು, ಅದರಾಚೆ ಆಕಾಶದ ತುಂಡು, ಇದನ್ನೆಲ್ಲ ಕಟ್ಟಿದ ಕೈಗಳು ಮಧ್ಯಾಹ್ನ ಏನು ಉಂಡಿದ್ದವೋ, ಇಷ್ಟು ಚೆಂದದ್ದನ್ನು ಬಗಲಲ್ಲಿಟ್ಟುಕೊಂಡು ಹದಿನಾಲ್ಕು ವರ್ಷ ಮುಂದಿನ ಸಿಗ್ನಲ್ ಮಾತ್ರ ನೋಡಿದೆನಲ್ಲ, ನನ್ನ ಕಣ್ಣಿಗಿಷ್ಟು ಮಣ್ಣು ಹಾಕ. ಹೆಂಗಿದೆ ನಿನ್ನೂರು ಎಂದು ದೊನಾತೊ ನನ್ನ ಊರನ್ನು ನನಗೇ ತೋರಿಸುತ್ತಾನೆ, ತಾನೇ ಕಟ್ಟಿಸಿದವನ ಹಾಗೆ, ಚೆನ್ನಾಗೇ ಇದೆ ಕಣೋ ಎಂದೆ. ಬೆನೆದೆತ್ತಾ ಮಾತ್ರ ಕೆಳಗೆ ಬೀದಿಯತ್ತ ನೋಡುತ್ತಿದ್ದಳು, ನೀರಿನ ಕಂಬಗಳಿಗಾಗಿ. ನಾಲ್ಕು ವರ್ಷದವಳಿದ್ದಾಗ ಹೆತ್ತಮ್ಮ ಇವಾನಾ ಜೊತೆ ಒಂದು ದಿನ ರೋಮಿಗೆ ಬಂದಿದ್ದಳಂತೆ, ಇಂಥದ್ದೊಂದು ನಲ್ಲಿಯ ಮುಂದೆ ಇವಾನಾ ಇವಳನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ನೀರಿಗೆ ಹೇಳು ಪುಟ್ಟಿ, ಎದ್ದೇಳು ಅಂತ ಹೇಳು ಎಂದಳಂತೆ, ಇವಳು ಹೇಳಿದಳಂತೆ, ನೀರು ಎದ್ದು ನಿಂತಿತಂತೆ — ಮೇಲಿನಿಂದ ನೋಡಿದ ಮಗುವಿಗೆ ಕೆಳಗೆ ಒತ್ತಿದ ಇನ್ನೊಂದು ಕೈ ಕಂಡಿಲ್ಲ. ಮಾರನೆಯ ವರ್ಷ ಇವಾನಾ ಹೋದಳು, ಜ್ವರ ಎಂದುಕೊಂಡದ್ದು ಜ್ವರವಾಗಿರಲಿಲ್ಲ, ನಾನು ಅವಳನ್ನು ನೋಡಿಲ್ಲ, ಅವಳ ಉಪ್ಪಿನ ಡಬ್ಬಿಯಿಂದ ಉಪ್ಪು ತೆಗೆಯುತ್ತೇನೆ, ಅವಳು ಹಚ್ಚಿಸಿದ ಹಳದಿ ಬಣ್ಣದ ಗೋಡೆಯ ಕೋಣೆಯಲ್ಲಿ ಮಲಗುತ್ತೇನೆ, ಮತ್ತು ಮೊನ್ನೆಯಿಂದ ಅವಳನ್ನು ಮೆಚ್ಚುತ್ತಿದ್ದೇನೆ, ಎಂಥ ಆಟ ಹೂಡಿದೆಯೇ ಇವಾನಾ, ಮಗುವಿಗೆ ಇಡೀ ರೋಮಿನಲ್ಲಿ ಒಂದೇ ಒಂದು ನಲ್ಲಿ ಕೊಟ್ಟು ಹೋದೆಯಲ್ಲ, ಈಗ ಅದು ಬರೀ ಹೆಬ್ಬೆರಳು ಕಣಮ್ಮ ಎಂದು ನಾನು, ಎರಡನೆಯವಳು, ಹೇಗೆ ಹೇಳಲಿ.

ಹೇಳಬಾರದು, ಯಾರೂ ತೋರಿಸಲೂಬಾರದು, ಹಾಗಾಗಿ ಮೂರು ದಿನದಿಂದ ಕಾವಲು ನಾನೇ, ಯಾರಾದರೂ ರೋಮಿನವರು ಕುಡಿಯಲು ಬಂದರೆ ನಡುವೆ ಹೋಗಿ ನಿಲ್ಲುತ್ತೇನೆ, ನಾಯಿ ಹಿಡಿದುಕೊಂಡು ಬಂದ ಮುದುಕ ಹೆಬ್ಬೆರಳು ಎತ್ತಿದ ಹೊತ್ತಿಗೆ ಅಯ್ಯೋ ಬೆನೆದೆತ್ತಾ ನೋಡು ನೋಡು ಬೆಕ್ಕು ಎಂದೆ, ಬೆಕ್ಕಿರಲಿಲ್ಲ, ನಾಯಿಗೂ ನಿರಾಸೆಯಾಯಿತು, ಆಮೇಲೆ ಅಂಚೆಯವನೊಬ್ಬನ ಮುಂದೆ ಎರಡೂ ಕೈ ಅಗಲಿಸಿ ನಿಂತಾಗ, ಏನಮ್ಮಾ, ನಲ್ಲಿ ನಿಮ್ಮಪ್ಪಂದಾ ಎಂದ, ಹೌದಪ್ಪಾ ನಮ್ಮಪ್ಪಂದೇ, ಆ ಕಡೆಯದು ನಿಮ್ಮಪ್ಪಂದು, ಅಲ್ಲಿಗೆ ಹೋಗು ಎಂದೆ, ನಗುತ್ತ ಹೋದ, ಪಾಪ. ಅದು ಪಾಂಥಿಯಾನಿನ ಮುಂದೆ, ಹಳೇ ಕಾಲದ ದೇವಸ್ಥಾನ, ಒಳಗೆ ಹೋದರೆ ಅಷ್ಟು ದೊಡ್ಡ ಗುಮ್ಮಟ, ನಡುನೆತ್ತಿಯಲ್ಲಿ ಒಂದು ತೂತು, ಅದರಿಂದ ಇಳಿದ ಬೆಳಕು ಗೋಡೆಯ ಮೇಲೆ ಮೆಲ್ಲಗೆ ಜರುಗುತ್ತ, ಎಲ್ಲರ ತಲೆ ಮೇಲಕ್ಕೆ, ನನ್ನ ಗಂಡ ಮಾತ್ರ ಮಂಡಿಯೂರಿ ನೆಲ ಸವರುತ್ತಿದ್ದಾನೆ, ಟೈಲ್ಸ್ ಹಾಕುವವನಿಗೆ ಆಕಾಶ ಯಾಕೆ, ನೋಡೇ ಇಲ್ಲಿ, ಅಷ್ಟು ಕಾಲದ ನೆಲ, ನಡುವೆ ಒಂಚೂರು ಉಬ್ಬು ಕೊಟ್ಟವ್ರೆ, ಮಳೆನೀರು ಹರಿದು ಹೋಗ್ಲಿ ಅಂತ, ನಾನು ಹಾಕಿದ ಬಚ್ಚಲಲ್ಲೂ ನೀರು ನಿಲ್ಲುತ್ತಲ್ಲೇ. ಪಕ್ಕದವಳೊಬ್ಬಳು ಅವನು ಪ್ರಾರ್ಥನೆ ಮಾಡುತ್ತಿದ್ದಾನೆಂದು ದಾರಿ ಬಿಟ್ಟಳು, ನಿಜ, ಪ್ರಾರ್ಥನೆಯೇ ಅದು, ಅದಕ್ಕೇ ಈ ಮನುಷ್ಯನನ್ನು ಕಟ್ಟಿಕೊಂಡದ್ದು. ಬೆನೆದೆತ್ತಾ ಗುಮ್ಮಟದ ತೂತನ್ನೇ ನೋಡುತ್ತಿದ್ದಳು, ತುಟಿ ಅಲುಗಿತು, ಎದ್ದೇಳು ಎಂದಳೋ ಏನೋ, ನನಗೆ ಮತ್ತೆ ಆ ಚಿಕ್ಕ ತೂತು ಕಣ್ಣಿಗೆ ಕಟ್ಟಿತು.

ನಲವತ್ತನೆಯದೂ ಅಲ್ಲ. ಊರಿಗೆ ಹೊರಡುವ ಬಸ್ಸು ಆರು ಗಂಟೆಗೆ, ಈಗ ಐದೂ ಮುಕ್ಕಾಲು, ಬಸ್ ನಿಲ್ದಾಣದ ಮೂಲೆಯಲ್ಲಿ ನಲವತ್ತೊಂದನೆಯದು, ದೊನಾತೊ ಚೀಲಗಳ ಜೊತೆ ಸಾಲಿನಲ್ಲಿದ್ದಾನೆ, ಹುಡುಗಿಯ ಅಂಗಿಯ ಮೇಲೆ ಮಧ್ಯಾಹ್ನ ತಿಂದ ಕರಿದ ಅನ್ನದುಂಡೆಯ ಟೊಮ್ಯಾಟೊ ಕಲೆ, ಬಗ್ಗಿದಳು, ಎದ್ದೇಳು, ಕಾದಳು, ನೀರು ಸುರಿಯುತ್ತಲೇ ಇತ್ತು, ಈ ಸಲ ಇದೂ ಅಲ್ಲ ಎನ್ನಲಿಲ್ಲ, ಎರ್ಸಿಲಿಯಾ, ನಾನು ಕನಸು ಕಂಡಿರ್ಬೇಕು ಎಂದಳು, ಅಮ್ಮ ಹಂಗೇನೂ ಮಾಡೇ ಇಲ್ಲ ಅನ್ಸುತ್ತೆ — ಗುಟ್ಟು ಕಾಯುತ್ತೇನೆಂದು ಹೊರಟು ತಾಯಿಯನ್ನೇ ಕಳೆಯುತ್ತಿದ್ದೇನಲ್ಲ, ಥೂ ನನ್ನ ಬುದ್ಧಿಗೆ, ಕನಸಲ್ಲ ಕಣೇ, ಬಾ ಇಲ್ಲಿ, ಎಂದು ಎಡಗೈಯಲ್ಲಿ ಎತ್ತಿದೆ, ಇವಾನಾಗೆ ನಾಲ್ಕು ವರ್ಷದ ಭಾರ, ನನಗೆ ಎಂಟರದು, ಸೊಂಟ ಕಿರುಗುಟ್ಟಿತು, ಬಲಗೈ ಕೆಳಗೆ, ಈಗ ಹೇಳು ಎಂದೆ, ಎದ್ದೇಳು ಎಂದಳು, ಒತ್ತಿದೆ, ನೀರು ಎದ್ದಿತು, ತೂತಿನಿಂದ ಎದ್ದು ಸಂಜೆಯ ಬಿಸಿಲಿನಲ್ಲಿ ಬಾಗಿ ನಿಂತಿತು, ಅವಳ ಮೂಗು ಗಲ್ಲ ನನ್ನ ಕುತ್ತಿಗೆ ಎಲ್ಲ ಒದ್ದೆ, ಕಿಲಕಿಲ ನಕ್ಕಳು, ಆಮೇಲೆ ಬಗ್ಗಿದಳು, ಹೆಬ್ಬೆರಳು ಕಂಡಿತು, ನಗು ನಿಂತಿತು. ಅಮ್ಮನೂ ಹಿಂಗೇ ಮಾಡಿದ್ಲಾ. ಹೂಂ. ಎಲ್ಲದ್ರಲ್ಲೂ ಹಿಂಗೇ ಬರುತ್ತಾ. ಇಲ್ಲ, ಇದೊಂದರಲ್ಲೇ ಎಂದುಬಿಡಬಹುದಿತ್ತು, ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಎಲ್ಲದ್ರಲ್ಲೂ ಬರುತ್ತೆ ಪುಟ್ಟಿ, ಎಂದೆ, ಊರಲ್ಲಿರೋ ಎಲ್ಲದ್ರಲ್ಲೂ. ಆಯಿತು, ಮುರಿದೆ, ಅವಳಮ್ಮನದ್ದನ್ನು ಮುರಿದುಬಿಟ್ಟೆ ಎಂದುಕೊಳ್ಳುತ್ತಿದ್ದೆ, ಅವಳು ನಿಲ್ದಾಣದಾಚೆಯ ಬೀದಿಯನ್ನು, ಅದರಾಚೆಯ ಛಾವಣಿಗಳನ್ನು, ಮೂರು ದಿನ ನಡೆದ ಅಷ್ಟೂ ಊರನ್ನು ಒಮ್ಮೆ ನೋಡಿ, ಹಾಗಾದ್ರೆ ಎಲ್ಲಾನೂ ಅಮ್ಮಂದೇ, ಎಂದಳು. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಎರ್ಸಿಲಿಯಾ ಬಾರೇ ಎಂದು ದೊನಾತೊ, ಹೆಬ್ಬೆರಳು ಮರಗಟ್ಟಿದೆ, ನನ್ನ ಕುತ್ತಿಗೆಗೆ ತೋಳು ಸುತ್ತಿಕೊಂಡು ಬೆರಳು ತೆಗೀಬೇಡ ಎಂದಳು, ತೆಗೆಯುವುದಿಲ್ಲ, ಆ ಚಿಕ್ಕ ತೂತು, ಅದರಿಂದ ಎದ್ದ ನೀರು, ನೀರಿಗೆ ಬಾಯಿ ಕೊಟ್ಟ ಹುಡುಗಿ, ತೆಗೆಯುವುದಿಲ್ಲ, ನೀರು ನಿಂತಿದೆ, ನಿಂತಿದೆ,