ಅಣ್ಣನ ಬೋಟಿನ ಚುಕ್ಕೆ

ಫ್ಯಾನಿನ ಗಾಳಿಗೆ ಆಂಟೆನಾ ತಂತಿ ಅಲ್ಲಾಡಿತು, ಪರದೆಯ ಮೇಲಿನ ಚುಕ್ಕೆ ಮಾತ್ರ ಅಲ್ಲಾಡಲಿಲ್ಲ, ನಿನ್ನೆ ಕಣ್ಣಿಗೆ ಬಿದ್ದಾಗಿನಿಂದ ಅಲ್ಲೇ ಕೂತಿದೆ, ನದಿಯ ತಿರುವಿನಾಚೆ ಬೋಟು ಕಟ್ಟುವ ಹಳೇ ಧಕ್ಕೆಯಲ್ಲಿ, ಅಣ್ಣನ ಬೋಟಿನ ನಂಬರು ಹೊತ್ತುಕೊಂಡು, ಅಣ್ಣನೋ ಎಂಟು ದಿನಕ್ಕೆಂದು ಆಳಸಮುದ್ರಕ್ಕೆ ಹೋದವನು, ಅತ್ತಿಗೆಗೆ ಹಾಗಂತಲೇ ಹೇಳಿ ಹೋದವನು — ತಪ್ಪು ಈ ರೇಡಿಯೊದ್ದೇ ಇರಬೇಕು, ಇದನ್ನು ರೇಡಿಯೊ ಅನ್ನುವುದೂ ದಂಡ, ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಹೆಬ್ಬೆರಳುದ್ದದ ಒಂದು ಕಡ್ಡಿ, ಮಿಕ್ಕ ಕೆಲಸವೆಲ್ಲ ಸಾಫ್ಟ್‌ವೇರಿನದು, ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ್ದು. ಪ್ರತಿ ಬೋಟಿನಲ್ಲೂ ಒಂದು ಯಂತ್ರವಿರುತ್ತದೆ, ನಾನು ಇಂಥವನು, ಇಲ್ಲಿದ್ದೇನೆ, ಇಷ್ಟು ವೇಗದಲ್ಲಿದ್ದೇನೆ ಎಂದು ಆಗಾಗ ಒದರುತ್ತಿರುತ್ತದೆ, ಅದನ್ನು ಹಿಡಿದು ನಕ್ಷೆಯ ಮೇಲೆ ಚುಕ್ಕೆ ಇಡುವುದಷ್ಟೇ ಇದರ ಕೆಲಸ, ಅತ್ತಿಗೆ ಕಿಟಕಿಗೆ ಅಂಟಿಕೊಂಡು ದಿನ ಎಣಿಸುವುದನ್ನು ನೋಡಲಾರದೆ ತಂಗಿ ಕಟ್ಟಿದ್ದು, ಅಣ್ಣ ನಕ್ಕಿದ್ದ, ಆಟದ ಸಾಮಾನು ಬಿಟ್ಟು ಏನಾದ್ರೂ ನೆಟ್ಟಗೆ ಕೆಲಸ ಮಾಡೇ. ಮೊದಲ ವಾರ ಏನೂ ಕೇಳಿಸದೆ ಅವಳು ಇಂಟರ್ನೆಟ್ಟಿನ ಪಂಡಿತರನ್ನು ಕೇಳಿದಳು, ಒಂಬತ್ತು ಜನ ಕೈಪಿಡಿ ಓದಿ ಎಂದರು, ಒಬ್ಬ ನಿಮ್ಮ ಯಜಮಾನರಿಗೆ ತೋರಿಸಿ ಎಂದ, ಇಪ್ಪತ್ತು ವರ್ಷ ಬೋಟುಗಳ ವೈರ್‌ಲೆಸ್ ರಿಪೇರಿ ಮಾಡಿ ಬೆರಳು ಸುಟ್ಟುಕೊಂಡವಳಿಗೆ, ನಿನ್ನೆ ಮೊನ್ನೆ ಕಣ್ಣು ಬಿಟ್ಟ ಪಿಳ್ಳೆಗಳು, ದೋಷ ಕೊನೆಗೆ ಸಿಕ್ಕಿದ್ದು ಮೇಜಿನ ದೀಪದ ಅಡಾಪ್ಟರಿನಲ್ಲಿ, ಅದರ ಗಲಾಟೆಯಲ್ಲಿ ಬೋಟುಗಳ ದನಿಯೆಲ್ಲ ಮುಳುಗಿಹೋಗಿತ್ತು, ಕಿತ್ತೆಸೆದಳು, ಪರದೆ ತುಂಬ ಚುಕ್ಕೆಗಳು ಮೊಳೆತವು.

ಹಾಗಾದರೆ ಇವತ್ತು ಇದಕ್ಕೆ ಯಾವ ರೋಗ, ಬೆಳಗಿನಿಂದ ಆಂಟೆನಾ ಹೊಸದಾಗಿ ಅಳೆದು ಕತ್ತರಿಸಿದ್ದಾಳೆ, ಕೇಬಲ್ ಬದಲಿಸಿದ್ದಾಳೆ, ಕಡ್ಡಿ ಬಿಸಿಯಾದರೆ ಫ್ರೀಕ್ವೆನ್ಸಿ ಜಾರುತ್ತದೆಂದು ಅದನ್ನೂ ಸರಿಪಡಿಸಿದ್ದಾಳೆ, ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದ್ದಾಳೆ, ಕಿಟಕಿಯಲ್ಲಿ ಫೆರಿ ಹೊರಟರೆ ಪರದೆಯಲ್ಲೂ ಹೊರಡುತ್ತದೆ, ಊರಿಗೆಲ್ಲ ನಿಜ ಹೇಳುವುದು ಅಣ್ಣನೊಬ್ಬನ ಮೇಲೆ ಚಾಡಿ ಹೇಳುತ್ತದೆಯೇ, ರೇಡಿಯೊ ಕಿವುಡಾಗಬಹುದು, ಸುಳ್ಳು ಹೇಳುವುದಿಲ್ಲ, ಇದು ಅವಳಿಗೆ ಬೆಳಗ್ಗೆಯೇ ಗೊತ್ತಿತ್ತು, ಥೂ, ಗೊತ್ತಿದ್ದೂ ತಂತಿ ಕತ್ತರಿಸುತ್ತ ಕೂತವಳು. ಆಮೇಲೆ ಆಚೆ ದಡದ, ಹಳೇ ಧಕ್ಕೆಯ ಪಕ್ಕದ ಐಸ್ ಫ್ಯಾಕ್ಟರಿಯವನಿಗೆ ಫೋನು, ನೆಪಕ್ಕೆ ಅವನ ರಿಪೇರಿಯ ಮಾತು, ಹಾಗೇ ಅಣ್ಣನ ಮಾತು, ಅವನು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಹೇಳಿದ, ಮೂರು ದಿನದಿಂದ ಇಲ್ಲೇ ಇದಾರಲ್ಲಕ್ಕ, ಇಲ್ಲೂ ಒಂದು ಮನೆ ಮಾಡಿ ಎರಡು ವರ್ಷ ಆಯ್ತಲ್ಲ, ನೋಡಿ, ಈಗಲೂ ಬೋಟಿನ ಹಗ್ಗದ ಮೇಲೆ ಮಗೂದು ಹಳದಿ ಫ್ರಾಕ್ ಒಣಹಾಕ್ತಾ ಇದಾರೆ. ಮನೆಯಲ್ಲಿ ಉಂಡ ತಟ್ಟೆ ಎತ್ತದವನು, ಫ್ರಾಕು ಹಿಂಡುತ್ತಾನೆ, ಕೊಡವುತ್ತಾನೆ, ಕ್ಲಿಪ್ ಹಾಕುತ್ತಾನೆ, ಬೋಟಿನ ಆ ಒದರುವ ಯಂತ್ರದ ಸ್ವಿಚ್ ಒಂದು ಒತ್ತಿದ್ದರೆ ಚುಕ್ಕೆಯೇ ಇರುತ್ತಿರಲಿಲ್ಲ, ಒತ್ತಲಿಲ್ಲ, ಮರೆತದ್ದಲ್ಲ, ಹೆದರಿಕೆಯೇ ಇರಲಿಲ್ಲ, ತಂಗಿಯ ಆಟದ ಸಾಮಾನಿಗೆ ಯಾರು ಹೆದರುತ್ತಾರೆ.

ಮೆಟ್ಟಿಲ ಮೇಲೆ ಅತ್ತಿಗೆಯ ಚಪ್ಪಲಿ ಸದ್ದು, ಕೈ ತಾನಾಗಿ ಕಡ್ಡಿಯ ಮೇಲೆ ಹೋಗುತ್ತದೆ, ಕಿತ್ತರೆ ಮುಗಿಯಿತು, ಕೆಟ್ಟಿದೆ ಅಂದರೆ ಮುಗಿಯಿತು, ಅಣ್ಣ ಇನ್ನೂ ಹತ್ತು ವರ್ಷ ನಗುತ್ತಾನೆ, ಅತ್ತಿಗೆ ಇನ್ನೂ ಹತ್ತು ವರ್ಷ ಕಿಟಕಿಗೆ ಅಂಟಿರುತ್ತಾಳೆ, ಬಾಗಿಲಲ್ಲಿ ಏದುಸಿರು, ಸರಿಹೋಯ್ತೇನೆ, ಎಲ್ಲಿದಾರೆ ಈಗ? ಸರಿಯಾಗೇ ಇದೆ ಅತ್ತಿಗೆ, ಕೆಟ್ಟೇ ಇರಲಿಲ್ಲ, ಎಂದಳು, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು, ಇನ್ನು ಹೇಳಬೇಕು, ಧಕ್ಕೆ, ಮೂರು ದಿನ, ಎರಡು ವರ್ಷ, ಯಾವುದು ಮೊದಲು — ಹಗ್ಗದ ಮೇಲೆ ಹಳದಿ ಫ್ರಾಕು, ನೀರು ತೊಟ್ಟಿಕ್ಕುತ್ತಿದೆ, ಎರಡು ಕ್ಲಿಪ್ಪು, ಹಳದಿ ಫ್ರಾಕು.